ಗೆದ್ದಲು, ಕುಟ್ಟೆ ಮತ್ತು ನಮ್ಮ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರಿನ ಮೊದಲ ಮಳೆ ಬಿದ್ದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಮನೆ ಕಟ್ಟಿಸುವ, ಹಳೆಯ ಮನೆ ದುರಸ್ತಿ ಮಾಡಿಸುವ ಕೆಲಸದಲ್ಲೇ ವಯಸ್ಸು ಕಳೆದವನನ್ನು ಪರಿಚಿತರು, ಪರಿಚಿತರ ನೆಂಟರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಪತ್ರದಲ್ಲಿ ಬಂದವೂ ಇವೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದವೂ ಇವೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ.

## ಮೊದಲು ಗುರುತು ಹಿಡಿಯೋಣ

ಗೆದ್ದಲು ಎಂದರೆ ಒಂದು ಬಗೆಯ ಬಿಳಿ ಇರುವೆ ತಾನೇ?

ಅಲ್ಲ. ವಂಶಾವಳಿ ಕೆದಕಿದರೆ ಗೆದ್ದಲು ಜಿರಳೆಯ ದಾಯಾದಿ. ಇರುವೆ ಅದರ ಹುಟ್ಟು ವೈರಿ. ಗೆದ್ದಲಿನ ಸುರಂಗ ಒಡೆದು ಹತ್ತು ನಿಮಿಷ ಕಾದರೆ ಇರುವೆಗಳು ಬಂದು ಹೊತ್ತುಕೊಂಡು ಹೋಗುವುದನ್ನು ನೀವೇ ನೋಡಬಹುದು.

ಗೆದ್ದಲಿನ ಕೆಲಸಗಾರ ಹುಳುವಿಗೆ ಕಣ್ಣಿಲ್ಲ, ಮೈ ಮೆತ್ತಗೆ, ಚರ್ಮ ತೆಳು. ಒಣಗಾಳಿಗೆ ಬಿದ್ದರೆ ಬೇಗನೆ ಒಣಗಿ ಸಾಯುತ್ತದೆ. ಆದ್ದರಿಂದ ಹೋದಲ್ಲೆಲ್ಲ ಮಣ್ಣಿಗೆ ಎಂಜಲು ಕಲಸಿ ಮಾಡು ಕಟ್ಟಿಕೊಂಡೇ ಹೋಗುತ್ತದೆ. ಗೋಡೆಯ ಮೇಲೆ ಕಾಣುವ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಅದೇ. ನಮ್ಮ ಮನೆಗಳನ್ನು ಕಾಡುವ ಗೆದ್ದಲಿನಲ್ಲಿ ಬಹುಪಾಲು ಈ ನೆಲಗೆದ್ದಲು. ಅದರ ಗೂಡು ಮಣ್ಣಿನಲ್ಲಿ, ಊಟ ಮಾತ್ರ ನಿಮ್ಮ ಬಾಗಿಲಿನಲ್ಲಿ. ಹಾಗಾಗಿ ಜನ ಬಾಗಿಲಿಗೆ ಔಷಧಿ ಬಳಿದು ಸೋಲುತ್ತಾರೆ. ಕಡಿಯಬೇಕಾದದ್ದು ಮಣ್ಣಿಗೂ ಮರಕ್ಕೂ ನಡುವಿನ ದಾರಿಯನ್ನು.

ಮಳೆ ಬಂದ ಸಂಜೆ ದೀಪದ ಸುತ್ತ ರಾಶಿ ರಾಶಿ ರೆಕ್ಕೆ ಹುಳು. ನಮ್ಮ ಮನೆಗೂ ಹಿಡಿಯಿತೇ?

ಕಿಟಕಿಯಿಂದ ಒಳಗೆ ಬಂದಿದ್ದರೆ ಗಾಬರಿ ಬೇಡ. ಅವು ಈಸಲು ಹುಳುಗಳು, ಕೆಲವರು ಮಳೆಹುಳು ಎನ್ನುತ್ತಾರೆ. ಹಳೆಯ ಗೂಡಿನಿಂದ ಜೋಡಿ ಹುಡುಕಲು ಹೊರಟ ಮುಂದಿನ ರಾಜ, ರಾಣಿಯರು. ಸಾವಿರ ಹೊರಟರೆ ಹಲ್ಲಿ, ಕಪ್ಪೆ, ಹಕ್ಕಿಗಳ ಬಾಯಿ ತಪ್ಪಿಸಿಕೊಂಡು ಗೂಡು ಕಟ್ಟುವುದು ಬೆರಳೆಣಿಕೆಯಷ್ಟು. ದೀಪ ಆರಿಸಿ, ಕಿಟಕಿ ಮುಚ್ಚಿ, ಬೆಳಿಗ್ಗೆ ರೆಕ್ಕೆ ಗುಡಿಸಿ ಹಾಕಿ.

ಆದರೆ ಅವು ಒಳಗಿನಿಂದಲೇ, ಅಂದರೆ ಚೌಕಟ್ಟಿನ ಸಂದಿಯಿಂದಲೋ ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿಯ ಬಿರುಕಿನಿಂದಲೋ ಎದ್ದು ಬಂದಿದ್ದರೆ ಮಾತೇ ಬೇರೆ. ಆ ಜಾಗದ ಹಿಂದೆ ಬಲಿತ ಗೂಡೊಂದು ಇದೆ ಅಥವಾ ಅದಕ್ಕೆ ದಾರಿ ಇದೆ ಎಂದು ಅರ್ಥ. ಎಲ್ಲಿಂದ ಎದ್ದವು ಎಂಬುದನ್ನು ಸೀಮೆಸುಣ್ಣದಿಂದ ಗುರುತು ಮಾಡಿಡಿ. ಮರುದಿನ ಬರುವವರಿಗೆ ಅದಕ್ಕಿಂತ ದೊಡ್ಡ ಸುಳಿವು ಸಿಗುವುದಿಲ್ಲ.

ಇರುವೆಗೂ ರೆಕ್ಕೆ ಬರುತ್ತದೆ. ನಾಲ್ಕೂ ರೆಕ್ಕೆ ಒಂದೇ ಉದ್ದ, ಸೊಂಟ ದಪ್ಪ ಇದ್ದರೆ ಗೆದ್ದಲು. ಮುಂದಿನ ರೆಕ್ಕೆ ದೊಡ್ಡದು, ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಬಾಗಿದ್ದರೆ ಇರುವೆ.

ಮಣ್ಣಿನ ಗೆರೆ ಎಲ್ಲೂ ಇಲ್ಲ, ಮಂಚದ ಕೆಳಗೆ ದಿನಾ ಪುಡಿ ಬೀಳುತ್ತದೆ. ಇದೂ ಗೆದ್ದಲೇ?

ಪುಡಿಯನ್ನು ಕಪ್ಪು ಕಾಗದದ ಮೇಲೆ ಉದುರಿಸಿ ಬೆರಳಿನಲ್ಲಿ ಉಜ್ಜಿ ನೋಡಿ. ಅರ್ಧ ರೋಗ ಅಲ್ಲೇ ತಿಳಿಯುತ್ತದೆ.

ಮೈದಾ ಹಿಟ್ಟಿನಂತೆ ನುಣ್ಣಗಿದ್ದು, ಮರದಲ್ಲಿ ಗುಂಡುಸೂಜಿಯ ತಲೆಯಷ್ಟು ದುಂಡನೆಯ ತೂತುಗಳಿದ್ದರೆ ಅದು ಕುಟ್ಟೆ ಹುಳು. ಒಂದು ಪುಟ್ಟ ಜೀರುಂಡೆಯ ಮರಿ. ಮಾವು, ರಬ್ಬರ್, ಸಿಲ್ವರ್ ಓಕ್‌ನಂಥ ಮರಗಳ ತೊಗಟೆಯ ಒಳಬದಿಯ ಬಿಳಿ ಭಾಗದಲ್ಲಿರುವ ಪಿಷ್ಟ ಅದರ ಊಟ. ತೂತು ಕಂಡ ಕೂಡಲೇ ‘ಹುಳು ಒಳಗೆ ಹೊಕ್ಕಿತು’ ಎನ್ನುತ್ತಾರೆ. ನಿಜದಲ್ಲಿ ಅದು ತಿಂದು ಮುಗಿಸಿ, ರೆಕ್ಕೆ ಬಂದು, ಹೊರಗೆ ಹೋದ ಬಾಗಿಲು.

ಬೆರಳಿಗೆ ಗಸಗಸೆಯಂತೆ ಗಟ್ಟಿ ಕಾಳು ತಗುಲಿದರೆ ಅದು ಒಣಮರದ ಗೆದ್ದಲು. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಕಾಳಿಗೂ ಆರು ಮುಖ. ಅದು ಹುಳುವಿನ ಹಿಕ್ಕೆ. ಈ ಜಾತಿಗೆ ಮಣ್ಣಿನ ನಂಟೇ ಬೇಡ. ಒಂದು ಕುರ್ಚಿಯ ಕಾಲಿನೊಳಗೆ ಇಡೀ ಸಂಸಾರ ಇರುತ್ತದೆ. ಕರಾವಳಿಯ ತೇವದ ಗಾಳಿ ಇದಕ್ಕೆ ಬಹಳ ಹಿತ. ಇದಕ್ಕೆ ನೆಲ ಕೊರೆದು ಔಷಧಿ ತುಂಬಿಸುವುದು ದಂಡ. ಹೀಗೆ ತುಂಬಿಸಿ ಹಣ ಕಳೆದುಕೊಂಡ ಮೂರು ಮನೆಗಳನ್ನಾದರೂ ನಾನು ನೋಡಿದ್ದೇನೆ.

ಬೆರಳು ಹಿಡಿಸುವಷ್ಟು ದೊಡ್ಡ ತೂತು, ಕೆಳಗೆ ಒರಟು ಹೊಟ್ಟು, ಸುತ್ತ ಗುಂಯ್‌ಗುಡುವ ಕಪ್ಪು ದುಂಬಿ ಇದ್ದರೆ ಅದು ಮರ ಕೊರೆಯುವ ದುಂಬಿ. ಮರವನ್ನು ತಿನ್ನುವುದಿಲ್ಲ, ಮರಿ ಮಾಡಲು ಕೊರೆಯುತ್ತದೆ, ಅಷ್ಟೇ. ದುಂಬಿ ಹೊರಗೆ ಹೋದಾಗ ಬಿರಡೆ ಹೊಡೆದು ಬಣ್ಣ ಬಳಿಯಿರಿ.

ಇನ್ನು ಹುಳುವೂ ಇಲ್ಲ, ಪುಡಿಯೂ ಇಲ್ಲ, ಮರ ಮಾತ್ರ ಕಂದಾಗಿ ಚೌಕ ಚೌಕವಾಗಿ ಬಿರಿದು ಕೈಯಲ್ಲೇ ಮುರಿಯುತ್ತದೆ ಎಂದಾದರೆ ಅದು ಶಿಲೀಂಧ್ರದ ಕೊಳೆತ. ನೀರು ಸೋರುವ ಜಾಗ ಹುಡುಕಿ.

ಮನೆಯೆಲ್ಲ ಸಿಮೆಂಟು, ಗ್ರಾನೈಟು. ಗೆದ್ದಲಿಗೆ ತಿನ್ನಲು ಏನಿದೆ ಎಂದು ಬರುತ್ತದೆ?

ಪುಸ್ತಕ, ರಟ್ಟಿನ ಪೆಟ್ಟಿಗೆ, ಅಡುಗೆಮನೆಯ ಕಪಾಟು, ಸುಳ್ಳು ಮಾಳಿಗೆಯ (ಫಾಲ್ಸ್ ಸೀಲಿಂಗ್) ಜಿಪ್ಸಂ ಹಲಗೆಗೆ ಅಂಟಿಸಿದ ಕಾಗದ, ಬೀರುವಿನ ಹಿಂದೆ ಬಿದ್ದ ಹತ್ತಿ ಸೀರೆ. ಸೆಲ್ಯುಲೋಸ್ ಇರುವ ಯಾವುದಾದರೂ ಸರಿ. ಕಾಂಕ್ರೀಟನ್ನು ಅದು ತಿನ್ನುವುದಿಲ್ಲ. ಒಂದೆರಡು ಮಿಲಿಮೀಟರಿನ ಬಿರುಕು ಸಿಕ್ಕರೆ ದಾಟುತ್ತದೆ. ಪೈಪು ನೆಲದಿಂದ ಮೇಲೆ ಬರುವ ಜಾಗ, ಗೋಡೆ ಮತ್ತು ನೆಲ ಸೇರುವ ಗೆರೆ ಅದಕ್ಕೆ ಸಾಕು.

ಅಂಗಳದಲ್ಲಿ ಹುತ್ತ ಇದೆ. ಅಗೆಸಿ ತೆಗೆಸಬೇಕೇ? ಅತ್ತೆಯವರು ಬೇಡವೆನ್ನುತ್ತಾರೆ.

ನಾನು ಅತ್ತೆಯವರ ಪಕ್ಷ, ಆದರೆ ಕಾರಣ ಬೇರೆ. ಹುತ್ತ ಕಟ್ಟುವ ಗೆದ್ದಲು ತನ್ನ ಗೂಡಿನಲ್ಲಿ ಶಿಲೀಂಧ್ರದ ತೋಟ ಮಾಡುತ್ತದೆ. ತಂದ ಒಣ ಎಲೆ, ಕಡ್ಡಿ, ಸಗಣಿಯನ್ನು ಅದರಲ್ಲಿ ಹಣ್ಣುಮಾಡಿ ಉಣ್ಣುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿದಾಗ ಜನ ಹುತ್ತದ ಬುಡದಲ್ಲಿ ಅಣಬೆ ಕೀಳುವುದು ಈ ತೋಟದ ಫಸಲನ್ನೇ. ಇಂಥ ಗೆದ್ದಲಿಗೆ ಅಂಗಳದ ಕಸವೇ ಸಾಕಷ್ಟು ಊಟ.

ಆದರೂ ಅದು ಮನೆಗೆ ಬರುವುದೇ ಇಲ್ಲ ಎನ್ನಲಾರೆ. ಗೋಡೆಗೆ ತಾಗಿದ ಹುತ್ತ, ಜಗಲಿಯ ಕೆಳಗಿನ ಹುತ್ತ ಇರಬಾರದು. ದೂರದಲ್ಲಿದ್ದರೆ ಮನೆಯ ಸುತ್ತ ತಡೆ ಮಾಡಿಸಿ, ಹುತ್ತವನ್ನು ಅದರ ಪಾಡಿಗೆ ಬಿಡಿ. ನಾಗರಪಂಚಮಿಗೆ ಬೇಕೇ ಬೇಕಲ್ಲ! ಮೇಲಿನ ಮಣ್ಣು ಕೆಡವಿದರೆ ಪ್ರಯೋಜನವೂ ಇಲ್ಲ. ರಾಣಿ ಒಳಗೆ, ನೆಲದ ಮಟ್ಟದ ಆಸುಪಾಸಿನ ಗಟ್ಟಿ ಕೋಣೆಯಲ್ಲಿ, ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತ ಕುಳಿತಿರುತ್ತದೆ. ಕೆಲವೇ ದಿನಗಳಲ್ಲಿ ಹುತ್ತ ಮತ್ತೆ ಏಳುತ್ತದೆ. ತೆಗೆಯಲೇಬೇಕೆಂದರೆ ಒಳಗೆ ಹಾವು ಇಲ್ಲವೆಂದು ಖಾತರಿ ಮಾಡಿಕೊಳ್ಳಿ.

## ಕಂಡ ಮೇಲೆ

ಗೆರೆ ಕಂಡಿದೆ. ಈಗಲೇ ಕೆರೆದು ಸೀಮೆಎಣ್ಣೆ ಸುರಿಯಲೇ?

ತಡೆಯಿರಿ. ಎಲ್ಲವನ್ನೂ ಕೆರೆದು ಸ್ವಚ್ಛ ಮಾಡಿದರೆ ಹುಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು ಎಂಬ ನಕ್ಷೆಯನ್ನು ನೀವೇ ಅಳಿಸಿದಂತೆ. ಸೀಮೆಎಣ್ಣೆ ತಗುಲಿದ ನೂರಿನ್ನೂರು ಹುಳು ಸಾಯುತ್ತವೆ, ಉಳಿದವು ಆ ದಾರಿ ಮುಚ್ಚಿ ಎರಡಡಿ ಆಚೆ ಹೊಸ ದಾರಿ ತೆರೆಯುತ್ತವೆ. ಬೆಂಕಿಯ ಭಯ ಬೇರೆ.

ಗೆರೆಯ ನಡುವೆ ಒಂದು ಅಂಗುಲ ಮಾತ್ರ ಒಡೆದು ನೋಡಿ. ಹುಳು ಓಡಾಡುತ್ತಿದ್ದರೆ ಅಥವಾ ಎರಡು ದಿನದಲ್ಲಿ ಹಸಿ ಮಣ್ಣಿನಿಂದ ಮತ್ತೆ ಕಟ್ಟಿದ್ದರೆ ಜೀವಂತ ದಾರಿ. ಒಣಗಿ ಪುಡಿಯಾದರೆ ಹಳೆಯದು. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮನೆಯ ಚೌಕಟ್ಟುಗಳನ್ನೆಲ್ಲ ತಟ್ಟುತ್ತ ಬನ್ನಿ. ಪೊಳ್ಳು ಸದ್ದು ಬರುವಲ್ಲಿ ಗುರುತು ಹಾಕಿ, ಫೋಟೊ ತೆಗೆದಿಡಿ. ಹೊರಗೆ ಹೋಗಿ ಅದೇ ಗೋಡೆಯ ಆಚೆ ಏನಿದೆ ನೋಡಿ: ಸೌದೆ ರಾಶಿ, ಸೋರುವ ನಲ್ಲಿ, ಗೋಡೆಗೆ ಒರಗಿಸಿದ ಹಲಗೆ, ಎತ್ತರಕ್ಕೆ ಮಣ್ಣು ತುಂಬಿದ ಹೂವಿನ ಪಾತಿ. ಹತ್ತರಲ್ಲಿ ಏಳೆಂಟು ಸಲ ಇವುಗಳಲ್ಲಿ ಒಂದು ಇದ್ದೇ ಇರುತ್ತದೆ ಎಂಬುದು ನನ್ನ ಅನುಭವ. ಮೊದಲ ಔಷಧಿ ಅದನ್ನು ತೆಗೆಯುವುದು.

ಗೋಡೆಯ ಬುಡದಲ್ಲೆಲ್ಲ ತೂತು ಕೊರೆಯುತ್ತೇವೆ ಎನ್ನುತ್ತಾರೆ. ಹೊಸ ಟೈಲ್ಸ್ ಹಾಳಾಗುವುದಿಲ್ಲವೇ? ಬರೀ ಸ್ಪ್ರೇ ಸಾಲದೇ?

ನೆಲಗೆದ್ದಲಿಗೆ ಬರೀ ಸ್ಪ್ರೇ ಸಾಲದು. ಟೈಲ್ಸಿನ ಮೇಲೆ ಬಿದ್ದ ಔಷಧಿ ಮಣ್ಣಿಗೆ ಇಳಿಯುವುದಾದರೂ ಹೇಗೆ? ಭಾರತೀಯ ಮಾನಕ ಐಎಸ್ 6313ರ ಮೂರನೇ ಭಾಗ ಕಟ್ಟಿದ ಮನೆಗಳಿಗೆಂದೇ ಇದೆ. ಅದರ ಪ್ರಕಾರ ನೆಲ ಮತ್ತು ಗೋಡೆ ಸೇರುವಲ್ಲಿ ಸುಮಾರು 300 ಮಿ.ಮೀ. ಅಂತರಕ್ಕೆ ಒಂದರಂತೆ 12 ಮಿ.ಮೀ. ದಪ್ಪದ ತೂತು, ಕಾಂಕ್ರೀಟ್ ದಾಟಿ ಮಣ್ಣು ಮುಟ್ಟುವಷ್ಟು ಆಳಕ್ಕೆ. ತೂತಿಗೆ ಹೆಚ್ಚೆಂದರೆ ಒಂದು ಲೀಟರ್ ದ್ರಾವಣ, ಮಣ್ಣು ಇನ್ನು ಕುಡಿಯುವುದಿಲ್ಲ ಎನ್ನುವವರೆಗೆ. ಹೊರಗಡೆ ಗೋಡೆಯ ಸುತ್ತ ಮಣ್ಣಿಗೂ ಹಾಗೆಯೇ ಉಣಿಸಬೇಕು.

ಟೈಲ್ಸ್ ವಿಷಯ: ಸ್ಕರ್ಟಿಂಗಿಗೆ ಒತ್ತಿಕೊಂಡು ಟೈಲ್ಸಿನ ಸಂದಿಯಲ್ಲೇ ಕೊರೆಯಲು ಹೇಳಿ, ಬಣ್ಣ ಕಲಸಿದ ಬಿಳಿ ಸಿಮೆಂಟಿನಿಂದ ಮುಚ್ಚಿಸಿ. ಕೊರೆಯುವ ಮೊದಲು ನೆಲದಲ್ಲಿ ವಿದ್ಯುತ್ ತಂತಿ, ನೀರಿನ ಪೈಪು ಎಲ್ಲೆಲ್ಲಿ ಓಡಿದೆ ಎಂದು ತೋರಿಸುವುದು ನಿಮ್ಮ ಕೆಲಸ. ಒಮ್ಮೆ ನಾನೇ ಇದನ್ನು ಮರೆತು, ಗೆಳೆಯನ ಮನೆಯ ಸ್ನಾನದ ಬಿಸಿನೀರಿನ ಪೈಪಿಗೆ ತೂತು ಹೊಡೆಸಿ ಬೈಸಿಕೊಂಡಿದ್ದೇನೆ.

ಚೌಕಟ್ಟಿನ ಮರಕ್ಕೆ ಬೇರೆಯಾಗಿ ಸಣ್ಣ ತೂತು ಕೊರೆದು ಎಣ್ಣೆಯಲ್ಲಿ ಅಥವಾ ನೀರಿನಲ್ಲಿ ಕರಗಿಸಿದ ಔಷಧಿ ತುಂಬುತ್ತಾರೆ. ಅದು ಎರಡನೆಯ ಕೆಲಸ, ಮೊದಲನೆಯದರ ಬದಲಿಗಲ್ಲ.

ಅಂಗಡಿಯಲ್ಲಿ ಔಷಧಿ ಸಿಗುತ್ತದೆ. ನಾನೇ ಹೊಡೆದರೆ ಆಗದೇ?

ಒಂದು ಕಪಾಟು, ಒಂದು ಚೌಕಟ್ಟು ಎಂದರೆ ಆದೀತು. ಇಡೀ ಮನೆಯ ಮಣ್ಣಿಗೆ ಉಣಿಸುವುದು ಬೇಡ. ಕೈಗವಸು, ಮುಖಕ್ಕೆ ಮುಸುಕು, ತುಂಬು ತೋಳಿನ ಅಂಗಿ, ಗಾಳಿಯಾಡುವ ಜಾಗ ಇರಲಿ. ಮಿಶ್ರಣ ಡಬ್ಬಿಯ ಮೇಲಿನ ಚೀಟಿ ಹೇಳಿದಂತೆಯೇ. ‘ಸ್ವಲ್ಪ ಗಟ್ಟಿಯಾಗಿರಲಿ’ ಎಂಬ ಉದಾರತೆಯಿಂದ ಹುಳುವಿಗಿಂತ ನಿಮಗೇ ಹೆಚ್ಚು ಅಪಾಯ. ಔಷಧಿಯನ್ನು ನೀರಿನ ಬಾಟಲಿಗೆ, ಎಣ್ಣೆ ಡಬ್ಬಿಗೆ ಸುರಿದಿಡಬೇಡಿ.

ಒಂದು ವಿಷಯಕ್ಕೆ ಮಾತ್ರ ದನಿ ಏರಿಸುತ್ತೇನೆ. ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಗೆದ್ದಲಿಗೋ ತಿಗಣೆಗೋ ಎಂದು ಮನೆಯೊಳಗೆ ಇಡಬೇಡಿ. ತೇವ ತಗುಲಿದರೆ ಅದರಿಂದ ಫಾಸ್ಫೀನ್ ಅನಿಲ ಏಳುತ್ತದೆ. ಪಕ್ಕದ ಕೋಣೆಯಲ್ಲಿ ಮಲಗಿದವರೂ ಸತ್ತ ಪ್ರಸಂಗಗಳಿವೆ. ಪ್ರತಿವಿಷ ಇಲ್ಲ.

ಮನೆಯಲ್ಲಿ ಎಳೆಯ ಮಗು ಇದೆ. ಎಷ್ಟು ದಿನ ಹೊರಗಿರಬೇಕು?

ಮಗು, ಬಸುರಿ, ಉಬ್ಬಸ ಇರುವವರು ಕೆಲಸದ ದಿನ ನೆಂಟರ ಮನೆಯಲ್ಲಿರಲಿ. ತೂತುಗಳನ್ನು ಮುಚ್ಚಿ, ಚೆಲ್ಲಿದ್ದನ್ನು ಒರೆಸಿ, ನೆಲ ಒಣಗಿ, ಕಿಟಕಿ ತೆರೆದು ವಾಸನೆ ಹೋದ ಮೇಲೆ ಬನ್ನಿ. ಅಂಬೆಗಾಲಿಡುವ ಮಗುವಾದರೆ ನೆಲವನ್ನು ಸೋಪಿನ ನೀರಿನಲ್ಲಿ ಇನ್ನೊಮ್ಮೆ ಒರೆಸಿ. ಮೀನಿನ ತೊಟ್ಟಿ ಇದ್ದರೆ ಅದನ್ನು ಮೊದಲು ಸಾಗಿಸಿ. ಈ ಔಷಧಿಗಳಲ್ಲಿ ಹಲವು ಮೀನಿಗೆ ಮಹಾ ವಿಷ.

ಬಾವಿ ಗೋಡೆಯ ಪಕ್ಕದಲ್ಲೇ ಇದೆ. ಔಷಧಿ ನೀರಿಗೆ ಇಳಿಯುವುದಿಲ್ಲವೇ?

ಇಳಿಯಬಹುದು. ಕರಾವಳಿಯವರು ಈ ಪ್ರಶ್ನೆ ಕೇಳಿದರೆ ನನಗೆ ನೆಮ್ಮದಿ, ಕೇಳದಿದ್ದರೆ ಆತಂಕ. ಕೆಂಪುಕಲ್ಲಿನ ನೆಲ ಜರಡಿಯಂತೆ; ಮೇಲೆ ಸುರಿದದ್ದು ಎಲ್ಲಿ ಏಳುತ್ತದೆ ಎಂದು ಹೇಳಲಾಗದು. ಬಾವಿಯ ಕಡೆಯ ಗೋಡೆಗೆ ದ್ರವ ಉಣಿಸುವುದನ್ನು ಬಿಟ್ಟುಬಿಡಿ. ಅಲ್ಲಿ ಬಿರುಕು ಮುಚ್ಚುವುದು, ಮರದ ಬದಲು ಕಲ್ಲಿನ ಅಥವಾ ಕಾಂಕ್ರೀಟಿನ ಚೌಕಟ್ಟು, ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ತಪಾಸಣೆ, ಬೇಕಾದರೆ ಮುಂದೆ ಹೇಳುವ ತಿನಿಸಿನ ಪೆಟ್ಟಿಗೆ.

ಬೆಂಗಳೂರಿನವರು ನಗಬೇಡಿ. ನಿಮ್ಮ ಕುಡಿಯುವ ನೀರಿನ ಸಂಪು ಕಾರು ನಿಲ್ಲಿಸುವ ಜಾಗದ ಕೆಳಗೆ, ಗೋಡೆಗೆ ಅಂಟಿಕೊಂಡೇ ಇರುತ್ತದೆ. ಡ್ರಿಲ್ ಹಿಡಿದವನಿಗೆ ಅದು ಗೊತ್ತಿರುವುದಿಲ್ಲ. ಸಂಪಿನ ಅಂಚಿಗೆ ಸುಣ್ಣದ ಗೆರೆ ಎಳೆದು ಇದರೊಳಗೆ ಕೊರೆಯಬೇಡ ಎಂದು ಹೇಳಿ.

ಮೂರನೇ ಮಹಡಿಯ ಫ್ಲ್ಯಾಟು. ಇಲ್ಲಿಗೆ ಹೇಗೆ ಹತ್ತಿತು?

ಪೈಪುಗಳು ಇಳಿಯುವ ಡಕ್ಟ್, ವಿದ್ಯುತ್ ತಂತಿಯ ಕೊಳವೆ, ಲಿಫ್ಟಿನ ಗೋಡೆ, ಎರಡು ಬ್ಲಾಕುಗಳ ನಡುವಿನ ಸಂದಿ. ಇವು ನೆಲದಿಂದ ತಾರಸಿಯವರೆಗೆ ಅದಕ್ಕೆ ಕತ್ತಲೆಯ ಮೆಟ್ಟಿಲು. ಸ್ವಿಚ್‌ಬೋರ್ಡ್ ಬಿಚ್ಚಿದಾಗ ಮಣ್ಣು ಉದುರಿದರೆ ಆ ದಾರಿ ಖಚಿತ. ನಿಮ್ಮ ಮನೆಯೊಳಗೆ ಮಾತ್ರ ಔಷಧಿ ಹೊಡೆಸಿದರೆ ಗೆದ್ದಲು ಪಕ್ಕದವರಿಗೆ ಹೋಗುತ್ತದೆ, ಆರು ತಿಂಗಳ ಮೇಲೆ ತಿರುಗಿ ಬರುತ್ತದೆ. ನಿವಾಸಿಗಳ ಸಂಘದ ಸಭೆಯಲ್ಲಿ ವಿಷಯ ಎತ್ತಿ. ಗೆದ್ದಲಿಗಿಂತ ಆ ಸಭೆಯೇ ಕಷ್ಟ, ಬಲ್ಲೆ.

## ಕಟ್ಟುವ ಮೊದಲು

ಹೊಸ ಮನೆಯ ತಳಪಾಯಕ್ಕೆ ಔಷಧಿ ಹಾಕಿಸಬೇಕಂತೆ. ಯಾವಾಗ, ಎಷ್ಟು? ಮೇಸ್ತ್ರಿ ‘ಎಲ್ಲಾ ಮಾಡಿಸಿದ್ದೇವೆ’ ಎನ್ನುತ್ತಾರೆ.

ಮೇಸ್ತ್ರಿ ಸುಳ್ಳು ಹೇಳುತ್ತಿಲ್ಲ ಎಂದೇ ಇಟ್ಟುಕೊಳ್ಳೋಣ, ಆದರೂ ಲೆಕ್ಕ ಹಾಕಿ ನೋಡಿ. ಐಎಸ್ 6313ರ ಎರಡನೇ ಭಾಗದ ಪ್ರಕಾರ ಇದು ಒಂದು ದಿನದ ಕೆಲಸವಲ್ಲ. ಕಟ್ಟಡ ಮೇಲೇಳುತ್ತಿದ್ದಂತೆ ಹಂತ ಹಂತವಾಗಿ ಆಗಬೇಕು. ಪಾಯದ ಗುಂಡಿಯ ತಳಕ್ಕೂ ಬದಿಗೆ 300 ಮಿ.ಮೀ. ಎತ್ತರದವರೆಗೂ ಚದರ ಮೀಟರಿಗೆ 5 ಲೀಟರ್. ಪಾಯ ಕಟ್ಟಿ ಮಣ್ಣು ತುಂಬುವಾಗ ಗೋಡೆಗೆ ತಾಗುವ ಮಣ್ಣಿಗೆ, ಗೋಡೆಯ ಮುಖದ ಚದರ ಮೀಟರಿಗೆ 7.5 ಲೀಟರ್. ಪ್ಲಿಂತ್, ಅಂದರೆ ಮನೆಯ ನೆಲದ ಮಟ್ಟದವರೆಗಿನ ಪೀಠ, ತುಂಬಿ ದಿಮ್ಮಸು ಹೊಡೆದ ಮೇಲೆ, ಕಾಂಕ್ರೀಟ್ ಬೀಳುವ ಮೊದಲು ಇಡೀ ನೆಲಕ್ಕೆ ಮತ್ತೆ 5 ಲೀಟರ್. ಕೊನೆಗೆ ಹೊರಸುತ್ತು ಮತ್ತು ಪೈಪು ಒಳಬರುವ ಜಾಗಗಳು.

ಈಗ ಲೆಕ್ಕ. ಮೂವತ್ತು–ನಲವತ್ತರ ನಿವೇಶನದಲ್ಲಿ 850 ಚದರ ಅಡಿ ಪ್ಲಿಂತ್ ಎಂದರೆ ಸುಮಾರು 79 ಚದರ ಮೀಟರ್. ನೆಲದ ಹಂತವೊಂದಕ್ಕೇ ಹತ್ತಿರ ಹತ್ತಿರ 400 ಲೀಟರ್ ದ್ರಾವಣ ಬೇಕು. ಕ್ಲೋರ್‌ಪೈರಿಫಾಸ್ 20 ಇಸಿ (ಶೇಕಡಾ 20ರ ಗಟ್ಟಿ ದ್ರವ) ಬಳಸಿ ಶೇಕಡಾ 1ರ ದ್ರಾವಣ ಮಾಡಲು ಪ್ರತಿ ಲೀಟರಿಗೆ 50 ಮಿ.ಲೀ., ಅಂದರೆ 20 ಲೀಟರ್ ಔಷಧಿ. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ (ಶೇಕಡಾ 30.5ರದು) ಆದರೆ ಲೀಟರಿಗೆ ಎರಡು ಮಿ.ಲೀ.ಗೆ ತುಸು ಹೆಚ್ಚು, ಒಟ್ಟು ಒಂದು ಲೀಟರಿನೊಳಗೆ. ಬೆನ್ನಿಗೆ ಹಾಕಿದ 16 ಲೀಟರಿನ ಪಂಪಿನಲ್ಲಿ ಎರಡು ಸಲ ಹೊಡೆದು ಅರ್ಧ ಗಂಟೆಯಲ್ಲಿ ಮುಗಿಸಿ ಹೋದವರು ಏನು ಮಾಡಿದರು ಎಂದು ನೀವೇ ಹೇಳಿ. ಸೀಲು ಒಡೆಯದ ಡಬ್ಬಿ ನಿಮ್ಮ ಎದುರಿಗೇ ಒಡೆಯಲಿ, ಖಾಲಿ ಡಬ್ಬಿ ಎಣಿಸಿ.

ಮಳೆ ಬರುವಾಗ, ಮಣ್ಣು ಕೆಸರಾಗಿರುವಾಗ ಹಾಕಿಸಬೇಡಿ. ಕುಡಿಯುವುದಿಲ್ಲ, ಹರಿದು ಹೋಗುತ್ತದೆ. ಹಾಕಿದ ಮೇಲೆ ಪ್ಲಂಬರ್ ಬಂದು ಪೈಪಿಗೆಂದು ಅಗೆದರೆ ಆ ಜಾಗದಲ್ಲಿ ತಡೆ ಹರಿಯಿತು, ಮತ್ತೆ ಉಣಿಸಬೇಕು. ಇದನ್ನು ಯಾರೂ ಮಾಡುವುದಿಲ್ಲ. ಶೌಚಾಲಯದ ಬಾಗಿಲಿಗೇ ಮೊದಲು ಗೆದ್ದಲು ಹಿಡಿಯುವುದಕ್ಕೆ ತೇವ ಒಂದು ಕಾರಣ, ಇದು ಇನ್ನೊಂದು.

ಔಷಧಿಗಿಂತ ದೊಡ್ಡ ಮಾತು ಉಳಿದಿದೆ. ಪ್ಲಿಂತಿಗೆ ತುಂಬುವ ಮಣ್ಣಿನಲ್ಲಿ ಸೆಂಟ್ರಿಂಗ್ ಹಲಗೆಯ ಚೂರು, ಗೂಟ, ಸಿಮೆಂಟಿನ ಕಾಗದದ ಚೀಲ, ಕಡಿದ ಮರದ ಬೇರು ಇವೆಲ್ಲ ಸೇರಿಹೋಗುತ್ತವೆ. ಗೃಹಪ್ರವೇಶಕ್ಕೆ ಮೊದಲೇ ನೆಲದಡಿ ಗೆದ್ದಲಿಗೆ ಬುತ್ತಿ ಕಟ್ಟಿಟ್ಟಂತೆ. ಎರಡು ಆಳು ಇಟ್ಟು ಒಂದು ದಿನ ಆರಿಸಿ ತೆಗೆಸಿ.

ತೇಗ ಹಾಕಿಸಿದರೆ ಗೆದ್ದಲು ಬರುವುದೇ ಇಲ್ಲವಂತೆ?

ಬಲಿತ ತೇಗದ ಚೇಗಿಗೆ, ಅಂದರೆ ಮರದ ನಡುವಿನ ಗಟ್ಟಿ ಭಾಗಕ್ಕೆ, ಬರುವುದು ಕಡಿಮೆ. ಅದರಲ್ಲಿರುವ ಟೆಕ್ಟೋಕ್ವಿನೋನ್‌ನಂಥ ವಸ್ತುಗಳು ಹುಳುವಿಗೆ ಸೇರುವುದಿಲ್ಲ. ಆದರೆ ಎಳೆಯ ನೆಡುತೋಪಿನ ತೇಗದಲ್ಲಿ ಬಿಳಿ ಭಾಗವೇ ಹೆಚ್ಚು, ಆ ಬಿಳಿ ಭಾಗವನ್ನು ಗೆದ್ದಲು ಮಾವಿನಂತೆಯೇ ತಿನ್ನುತ್ತದೆ. ‘ತೇಗಕ್ಕೂ ಹಿಡಿಯಿತು’ ಎಂದು ಬಂದವರಲ್ಲಿ ಹೆಚ್ಚಿನವರ ಚೌಕಟ್ಟಿನ ಅಂಚಿನಲ್ಲಿ ಬಿಳಿ ಪಟ್ಟಿ ಇತ್ತು, ಪಾಲಿಶ್ ಅದನ್ನು ಮುಚ್ಚಿತ್ತು. ಮರ ಕೊಳ್ಳುವಾಗ ಪಾಲಿಶ್‌ಗೆ ಮೊದಲೇ ನೋಡಿ.

ಚೇಗಿನ ಮಾತಾದರೆ ಹಲಸು, ಹೆಬ್ಬಲಸು, ಹೊನ್ನೆ, ಬೀಟೆ, ಕಿರಾಲುಭೋಗಿ ಯಾವುದೂ ತೇಗಕ್ಕೆ ತಲೆ ತಗ್ಗಿಸಬೇಕಿಲ್ಲ. ಅಂಗಡಿಯವರು ಹೇಳಿದ ಜಾತಿ ಹೌದೋ ಅಲ್ಲವೋ ಎಂಬ ಅನುಮಾನ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರದ ಗುರುತು, ಪರೀಕ್ಷೆ ಅವರ ಕಸುಬು.

ಹೊಸ್ತಿಲು ಮತ್ತು ಚೌಕಟ್ಟಿನ ಕಾಲು ನೆಲದೊಳಗೆ ಹುಗಿಯಬಾರದು. ಗೋಡೆಗೆ ತಾಗುವ ಬೆನ್ನಿಗೆ ನಮ್ಮ ಹಿರಿಯರು ಗೇರೆಣ್ಣೆ ಬಳಿಯುತ್ತಿದ್ದರು, ಈಗಲೂ ಒಳ್ಳೆಯದೇ. ಕೈಗೆ ತಗುಲಿದರೆ ಸುಡುತ್ತದೆ, ಎಚ್ಚರ.

ಪ್ಲೈವುಡ್ ವಾಟರ್‌ಪ್ರೂಫ್ ಎಂದು ಕೊಟ್ಟರು. ಎರಡೇ ವರ್ಷಕ್ಕೆ ಪುಡಿ. ಮೋಸ ಹೋದೆನೇ?

ನೀರು ತಾಳುವುದು ಅಂಟಿನ ಗುಣ, ಹುಳು ತಾಳುವುದು ಒಳಗಿನ ಪದರಕ್ಕೆ ಉಣಿಸಿದ ಔಷಧಿಯ ಗುಣ. ಎರಡನ್ನೂ ಒಂದೇ ಎಂದು ಮಾರುತ್ತಾರೆ. ಐಎಸ್ 710, ಅಂದರೆ ಮರೈನ್ ದರ್ಜೆಯ ಹಲಗೆಗೆ ರಕ್ಷಕ ಔಷಧಿಯ ಉಪಚಾರವೂ ಮಾನಕದಲ್ಲೇ ಸೇರಿದೆ. ಐಎಸ್ 303 ಸಾಮಾನ್ಯ ಬಳಕೆಯದು. ಹಲಗೆಯ ಮೇಲೆ ಐಎಸ್‌ಐ ಗುರುತು, ಮಾನಕದ ಸಂಖ್ಯೆ ಅಚ್ಚಾಗಿದೆಯೇ ನೋಡಿ. ಬಡಗಿ ಕತ್ತರಿಸಿದ ಅಂಚುಗಳನ್ನು ಬರಿದಾಗಿ ಬಿಡಬಾರದು. ಕಪಾಟಿನ ಬೆನ್ನನ್ನು ಗೋಡೆಗೆ ಒತ್ತಿ ಕೂರಿಸಿ ಮೊಳೆ ಹೊಡೆಯುವುದಕ್ಕಿಂತ ಒಂದು ಬೆರಳು ಸಂದಿ ಬಿಡುವುದು ಲೇಸು.

ಬಿದಿರನ್ನು ಅಮಾವಾಸ್ಯೆಗೆ ಕಡಿದರೆ ಕುಟ್ಟೆ ಹಿಡಿಯುವುದಿಲ್ಲವೇ?

ಹುಳುವಿಗೆ ಬೇಕಾದದ್ದು ಬಿದಿರಿನ ಪಿಷ್ಟ. ಪಿಷ್ಟ ಋತುವಿಗೂ ಗಳದ ವಯಸ್ಸಿಗೂ ತಕ್ಕಂತೆ ಏರಿಳಿಯುತ್ತದೆ. ಎಳೆಯ ಗಳಕ್ಕೆ ಕುಟ್ಟೆ ಬೇಗ. ತಿಥಿಯ ಮೇಲೆ ಪೂರ್ತಿ ಭಾರ ಹಾಕಬೇಡಿ. ಕಡಿದು ಹೊಳೆಯಲ್ಲೋ ಕೆರೆಯಲ್ಲೋ ಕೆಲವು ವಾರ ಮುಳುಗಿಸಿಡುವ ಹಳೆಯ ಪದ್ಧತಿ ಮಾತ್ರ ಪಕ್ಕಾ ವಿಜ್ಞಾನ, ಪಿಷ್ಟ ತೊಳೆದು ಹೋಗುತ್ತದೆ. ಇನ್ನೂ ಬಾಳಿಕೆ ಬೇಕೆಂದರೆ ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿ. ಮಳೆಗೆ ನೆನೆಯುವ ಜಾಗದಲ್ಲಿ ಅದು ತೊಳೆದು ಹೋಗುತ್ತದೆ, ಸೂರಿನ ಒಳಗಿನ ಕೆಲಸಕ್ಕಷ್ಟೇ.

## ಇನ್ನಷ್ಟು ಆಳಕ್ಕೆ

ತೂತು ಕೊರೆಯದೆ ತಿನಿಸು ಇಟ್ಟು ಗೂಡನ್ನೇ ನಾಶ ಮಾಡುತ್ತಾರಂತೆ. ನಂಬಬಹುದೇ?

ತತ್ವ ಸರಿ. ತಿನಿಸಿನಲ್ಲಿ ಕ್ಲೋರ್‌ಫ್ಲುಅಜುರಾನ್, ಹೆಕ್ಸಾಫ್ಲುಮುರಾನ್‌ನಂಥ ವಸ್ತು ಇರುತ್ತದೆ. ಇದು ಕೂಡಲೇ ಕೊಲ್ಲುವುದಿಲ್ಲ, ಪೊರೆ ಕಳಚುವುದನ್ನು ಕೆಡಿಸುತ್ತದೆ. ಗೆದ್ದಲು ಬಾಯಿಂದ ಬಾಯಿಗೆ ಊಟ ಹಂಚುವ ಜೀವಿಯಾದ್ದರಿಂದ ವಿಷ ಗೂಡಿನ ಒಳಕೋಣೆಯವರೆಗೆ ತಲುಪುತ್ತದೆ. ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಆ ನಡುವೆ ಪೆಟ್ಟಿಗೆಯ ಸುತ್ತ ಯಾರೂ ಸ್ಪ್ರೇ ಹೊಡೆಯಬಾರದು. ಊಟಕ್ಕೆ ಬರುವ ದಾರಿಯನ್ನೇ ಮುಚ್ಚಿದಂತಾಗುತ್ತದೆ.

ಅಡಚಣೆ ಒಂದಿದೆ. ಈ ತಿನಿಸುಗಳು ಚೆನ್ನಾಗಿ ನಡೆಯುವುದು ಮರವನ್ನೇ ನೇರ ತಿಂದು ಬದುಕುವ ಜಾತಿಗಳ ಮೇಲೆ. ನಮ್ಮ ನೆಲದಲ್ಲಿ ತುಂಬಿರುವ, ಶಿಲೀಂಧ್ರದ ತೋಟ ಮಾಡುವ ಜಾತಿಗಳ ಮೇಲೆ ಫಲ ಅಷ್ಟು ನೆಚ್ಚುವಂಥದ್ದಲ್ಲ. ಆದ್ದರಿಂದ ನಿಮ್ಮಲ್ಲಿರುವುದು ಯಾವ ಜಾತಿ ಎಂದು ಮಾರಲು ಬಂದವರನ್ನೇ ಕೇಳಿ. ತಲೆ ಕೆರೆದುಕೊಂಡರೆ ಮುಂದಿನವರನ್ನು ಕರೆಯಿರಿ.

ಕ್ಲೋರ್‌ಪೈರಿಫಾಸ್ ನಿಷೇಧವಾಯಿತಂತೆ. ಹಾಗಾದರೆ ಇನ್ನೇನು?

2025ರಲ್ಲಿ ಅದನ್ನು ಬೇಗ ಕರಗದ ವಿಷಗಳನ್ನು ತಡೆಯುವ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ ಸೇರಿಸಿದರು, ಕೆಲವು ಬಳಕೆಗಳಿಗೆ ವಿನಾಯಿತಿ ಇಟ್ಟು. ಹಿಂದಿನ ಗೆದ್ದಲು ಔಷಧಿಗಳಾದ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಹೋದ ದಾರಿಯಲ್ಲೇ ಇದೂ ಹೊರಟಿದೆ. ಇಮಿಡಾಕ್ಲೋಪ್ರಿಡ್, ಫಿಪ್ರೋನಿಲ್ ಬಗೆಯವುಗಳ ವಾಸನೆ ಗೆದ್ದಲಿಗೆ ತಿಳಿಯುವುದಿಲ್ಲ. ಅದು ತಡೆಯನ್ನು ಗುರುತಿಸದೆ ಹಾದು ಹೋಗಿ, ಮೈಗಂಟಿದ ವಿಷವನ್ನು ಸಂಗಡಿಗರಿಗೂ ಹಂಚುತ್ತದೆ. ಬೈಫೆಂಥ್ರಿನ್ ಹಾಗಲ್ಲ, ಹುಳುವನ್ನು ಹಿಮ್ಮೆಟ್ಟಿಸುತ್ತದೆ. ತಡೆಯಲ್ಲಿ ಒಂದು ಕಿಂಡಿ ಬಿಟ್ಟುಹೋದರೂ ಅದನ್ನೇ ಹುಡುಕಿಕೊಂಡು ಬರುತ್ತದೆ. ನನ್ನ ಆಯ್ಕೆ ಮೊದಲನೆಯ ಬಗೆ. ಯಾವುದೂ ಜೇನಿಗೆ, ಮೀನಿಗೆ ಸಾಧುವಲ್ಲ ಎಂಬುದು ನೆನಪಿರಲಿ.

ಹತ್ತು ವರ್ಷದ ಗ್ಯಾರಂಟಿ ಎಂದು ಛಾಪಾ ಕಾಗದದಲ್ಲಿ ಬರೆದು ಕೊಡುತ್ತಾರೆ. ಬೆಲೆ ಉಂಟೇ?

ಕಾಗದಕ್ಕಿಂತ ಲೈಸೆನ್ಸ್ ಮೊದಲು ಕೇಳಿ. ಕೀಟನಾಶಕ ಕಾಯ್ದೆ 1968ರ ಅಡಿಯಲ್ಲಿ ಈ ಕಸುಬಿಗೆ ಪರವಾನಗಿ ಬೇಕು, ರಾಜ್ಯದಲ್ಲಿ ಅದನ್ನು ಕೊಡುವುದು ಕೃಷಿ ಇಲಾಖೆ. ಪರವಾನಗಿಗೆ ಬೇಕಾದ ತರಬೇತಿ ಕೊಡುವ ಸಂಸ್ಥೆಗಳಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಕೂಡ ಒಂದು. ಗ್ಯಾರಂಟಿಯಲ್ಲಿ ಔಷಧಿಯ ಹೆಸರು, ಪ್ರಮಾಣ, ಬಳಸಿದ ಒಟ್ಟು ಲೀಟರ್, ಕೊರೆದ ಜಾಗಗಳ ನಕ್ಷೆ, ವರ್ಷಕ್ಕೆ ಎಷ್ಟು ಸಲ ಬಂದು ನೋಡುತ್ತಾರೆ ಎಂಬುದು ಬರೆದಿರಲಿ. ನನ್ನ ಸ್ವಂತ ಮನೆಗೆ ಇಂಥದೊಂದು ಕಾಗದ ಇತ್ತು. ನಾಲ್ಕನೇ ವರ್ಷ ಫೋನು ಮಾಡಿದರೆ ಆ ಸಂಖ್ಯೆ ಒಂದು ಬೇಕರಿಯದಾಗಿತ್ತು.

ಅಜ್ಜನ ಕಾಲದ ಹೆಂಚಿನ ಮನೆ. ಹೆಂಚು ಹೊರುವ ಮರದ ಪಕಾಸುಗಳಲ್ಲಿ ತೂತು ತೂತು. ಎಲ್ಲ ಕೆಡವಿ ಕಬ್ಬಿಣ ಹಾಕಿಸಿ ಎನ್ನುತ್ತಾರೆ.

ಹಾಗೆನ್ನುವವರಲ್ಲಿ ಎಷ್ಟು ಜನ ಅಟ್ಟ ಹತ್ತಿ ನೋಡಿದರು? ನೀವು ಹತ್ತಿ. ಜೊತೆಗೆ ಒಂದು ಚೂಪಾದ ಉಳಿ, ಟಾರ್ಚು, ಹಳೆಯ ದಿನಪತ್ರಿಕೆ ಒಯ್ಯಿರಿ. ತೂತಿನೊಳಗೆ ಕಪ್ಪಾಗಿದ್ದು, ಜೇಡನ ಬಲೆ ಕಟ್ಟಿದ್ದರೆ ಹುಳು ಐವತ್ತು ವರ್ಷ ಹಿಂದೆಯೇ ಬಿಟ್ಟು ಹೋಗಿರಬಹುದು. ಪತ್ರಿಕೆ ಹಾಸಿ ತಿಂಗಳು ಬಿಟ್ಟು ನೋಡಿ. ಹೊಸ ಪುಡಿ ಬೀಳದಿದ್ದರೆ ನೀವು ಹಳೆಯ ಗಾಯಕ್ಕೆ ಹೆದರುತ್ತಿದ್ದೀರಿ. ಉಳಿಯಿಂದ ಒತ್ತಿ: ಹೊರಗಿನ ಅರ್ಧ ಅಂಗುಲ ಬಿಳಿ ಭಾಗ ಹಿಟ್ಟಾಗಿ, ಒಳಗಿನ ಚೇಗು ಕಲ್ಲಿನಂತಿದ್ದರೆ ಹಿಟ್ಟನ್ನು ಕೆತ್ತಿ ತೆಗೆಸಿ, ಬಿದಿರಿಗೆ ಹೇಳಿದ ಬೊರಾಕ್ಸ್, ಬೋರಿಕ್ ಆಸಿಡ್ ದ್ರಾವಣ ಎರಡು ಸಲ ಬಳಿಸಿ, ಒಣಗಿದ ಮೇಲೆ ಎಣ್ಣೆ ಹಚ್ಚಿ.

ನಿಜವಾಗಿ ಹೆದರಬೇಕಾದದ್ದು ತೊಲೆಯ ತುದಿಗಳಿಗೆ, ಗೋಡೆಯೊಳಗೆ ಹುದುಗಿದ ಒಂದು ಅಡಿಗೆ. ಒಡೆದ ಹೆಂಚಿನ ನೀರು ಗೋಡೆಗಿಳಿದು, ಆ ತುದಿ ಗಾಳಿಯಿಲ್ಲದೆ ತೇವ ಹಿಡಿದು, ಮೊದಲು ಶಿಲೀಂಧ್ರ, ಅದರ ಹಿಂದೆ ಗೆದ್ದಲು. ಮರದ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆತ ಹುಟ್ಟುವುದಿಲ್ಲ. ಕೊಳೆತ ತುದಿಯನ್ನಷ್ಟೇ ಕೊಯ್ದು ಅದೇ ಜಾತಿಯ ಹಳೆಯ ಮರದ ತುಂಡನ್ನು ಕಚ್ಚು ಹಾಕಿ ಬೆಸೆಯಬಲ್ಲ ಬಡಗಿಗಳು ಮಲೆನಾಡಿನಲ್ಲೂ ಕರಾವಳಿಯಲ್ಲೂ ಇನ್ನೂ ಇದ್ದಾರೆ, ಹುಡುಕಬೇಕು. ಬೆಸೆದ ತುದಿಯ ಸುತ್ತ ಗೋಡೆಯಲ್ಲಿ ಗಾಳಿಗೆ ಒಂದು ಬೆರಳಿನ ಸಂದಿ ಬಿಡಿಸಿ.

ಬಡಗಿ ಸಿಗುವವರೆಗೆ ಒಡೆದ ಹೆಂಚು ಬದಲಿಸಿ. ಆ ಕೆಲಸ ಮೇ ತಿಂಗಳು ಮುಗಿಯುವುದರೊಳಗೆ ಆಗಬೇಕು.